ಎಷ್ಟು ಜೋಡಿಗಳನ್ನು ಒಂದು ಮಾಡಿದ್ದೀರಿ?

ಈ ಪ್ರಶ್ನೆಗೆ ಇನ್ನು ಬಾಯಿಮಾತಿನಲ್ಲಿ ಉತ್ತರ ಕೊಡುವುದಿಲ್ಲ. ಕೇಳಿದವರಿಗೆ ಈ ಬರಹವನ್ನು ಕಳುಹಿಸುತ್ತೇನೆ. ನಾನು ಬೆಂಗಳೂರಿನಲ್ಲಿ ವಕೀಲೆ. ಕೌಟುಂಬಿಕ ನ್ಯಾಯಾಲಯ ಕಳುಹಿಸುವ ಪ್ರಕರಣಗಳಲ್ಲಿ ಮಧ್ಯಸ್ಥಿಕೆಗೆ ಕೂರುತ್ತೇನೆ, ಅಂದರೆ ತೀರ್ಪು ಕೊಡದೆ, ಇಬ್ಬರೂ ತಾವೇ ಮಾತಾಡಿ ಒಪ್ಪಂದಕ್ಕೆ ಬರಲು ನೆರವಾಗುತ್ತೇನೆ. ಇಷ್ಟು ತಿಳಿದ ಕೂಡಲೇ ಜನ ಕೇಳುವುದು ಒಂದೇ ಮಾತು: "ಇದುವರೆಗೆ ಎಷ್ಟು ಜೋಡಿಗಳನ್ನು ಒಂದು ಮಾಡಿದ್ದೀರಿ?"

ಲೆಕ್ಕ ಇಟ್ಟಿಲ್ಲ. ಇಡುವುದೂ ಇಲ್ಲ. ಒಂದು ಮಾಡುವುದು ನನ್ನ ಕೆಲಸವಲ್ಲ.

ಕಳೆದ ವರ್ಷ ನೆಂಟರ ಮನೆಯ ಮದುವೆಯಲ್ಲಿ, ಎಲೆಗೆ ಕೋಸಂಬರಿ ಬೀಳುವ ಹೊತ್ತಿಗೆ, ಎದುರು ಸಾಲಿನ ಹಿರಿಯರೊಬ್ಬರು ಇದನ್ನೇ ಇಡೀ ಪಂಕ್ತಿಗೆ ಕೇಳುವಂತೆ ಕೇಳಿದರು. ಅವರ ಪಕ್ಕದಲ್ಲಿದ್ದ ಹುಡುಗಿ ತವರಿಗೆ ಬಂದು ಕುಳಿತು ಎಂಟು ತಿಂಗಳಾಗಿತ್ತು. ಆ ಸಾಲಿನಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. "ಬೇರೆಯಾಗಲು ನಿರ್ಧರಿಸಿದವರು ಒಬ್ಬರನ್ನೊಬ್ಬರು ಹರಿದುಹಾಕದೆ ಬೇರೆಯಾಗಲು ನೆರವಾಗುತ್ತೇನೆ" ಎಂದೆ. ಸಾರು ಬಡಿಸುತ್ತಿದ್ದವನ ಸೌಟು ಗಾಳಿಯಲ್ಲೇ ನಿಂತಿತು. ಮದುವೆ ಮನೆಯಲ್ಲಿ ಆಡುವ ಮಾತೇ ಇದು ಎಂದು ಹಿರಿಯರು ಸಿಡುಕಿದರು. ಸ್ವಲ್ಪ ಹೊತ್ತು ಬಿಟ್ಟು, "ಹೊಂದಿಕೊಂಡು ಹೋಗಿ ಎಂದು ನಾಲ್ಕು ಬುದ್ಧಿಮಾತು ಹೇಳಿದರಾಯಿತು, ಅದಕ್ಕೆ ತರಬೇತಿ ಬೇರೆ ಬೇಕೇ?" ಎಂದರು.

ಬೇಕು. 40 ಗಂಟೆಗಳ ತರಬೇತಿ ಇದೆ. ಅದರಲ್ಲಿ ಬಹುಪಾಲು ಕಲಿಯುವುದು ಬುದ್ಧಿಮಾತು ಹೇಳದೆ ಕೂರುವುದನ್ನು. ನಮ್ಮ ಮುಂದೆ ಬಂದು ಕೂರುವಷ್ಟರಲ್ಲಿ ಆ ಇಬ್ಬರಿಗೂ ಸೋದರಮಾವ, ದೊಡ್ಡಪ್ಪ, ಮದುವೆಯ ಮಧ್ಯವರ್ತಿ, ಮಠದ ಸ್ವಾಮಿಗಳು ಎಲ್ಲರೂ ಹೊಂದಿಕೊಳ್ಳಲು ಹೇಳಿ ಆಗಿರುತ್ತದೆ. ಹೆಣ್ಣಿಗೆ ಹತ್ತು ಸಲ ಹೇಳಿದ್ದರೆ ಗಂಡಿಗೆ ಒಂದು ಸಲ. ಹನ್ನೊಂದನೆಯ ಸಲ ಹೇಳಲು ನಾನು ಬೇಕಾಗಿಲ್ಲ.

1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಮೊದಲ ಸಾಲಿನಲ್ಲಿಯೇ ಎರಡು ಉದ್ದೇಶಗಳಿವೆ: ಸಂಧಾನಕ್ಕೆ ಉತ್ತೇಜನ, ಮತ್ತು ವ್ಯಾಜ್ಯಗಳ ಶೀಘ್ರ ಇತ್ಯರ್ಥ. ನಮ್ಮ ಸಮಾಜ ಮೊದಲನೆಯದನ್ನು ಮಾತ್ರ ಕೇಳಿಸಿಕೊಂಡಿತು, ಅದನ್ನೂ 'ಮತ್ತೆ ಒಂದೇ ಮನೆಗೆ ಸೇರಿಸು' ಎಂದು ಅರ್ಥಮಾಡಿಕೊಂಡಿತು. ಗಂಡಹೆಂಡಿರನ್ನು ಮರಳಿ ಕೂಡಿಸಲು ನ್ಯಾಯಾಲಯ ಯತ್ನಿಸಬೇಕು ಎಂದು ಹಿಂದೂ ವಿವಾಹ ಕಾಯ್ದೆ ಹೇಳುವುದು ನಿಜ. ಯತ್ನ ಎಂದರೆ ಮನಸ್ಸಿದೆಯೇ ಎಂದು ಪ್ರಾಮಾಣಿಕವಾಗಿ ಕೇಳುವುದು. ಕೇಳುತ್ತೇನೆ. ಮನಸ್ಸಿದ್ದವರು ಹಿಂತಿರುಗುತ್ತಾರೆ, ನನಗೂ ಸಂತೋಷವಾಗುತ್ತದೆ. ಮನಸ್ಸಿಲ್ಲದವರನ್ನು ಕೈಹಿಡಿಸಿ ಕಳುಹಿಸಿ ನನ್ನ ಎಣಿಕೆಗೆ ಒಂದು ಸೇರಿಸಿಕೊಂಡರೆ, ಆ ರಾತ್ರಿ ಆ ಮನೆಯಲ್ಲಿ ಏನಾಗುತ್ತದೆ ಎಂದು ಎಣಿಸುವವರು ಯಾರು? ಹೊಡೆತ ಇರುವಲ್ಲಿ, ಹೆದರಿಕೆ ಇರುವಲ್ಲಿ ಮೊದಲು ಬೇಕಾದದ್ದು 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯ ರಕ್ಷಣಾ ಆದೇಶ. ಗಂಡನ ಮುಖ ನೋಡಿ ಬಾಯಿ ತೆರೆಯುವ ಹೆಂಗಸನ್ನು ಅವನೆದುರು ಕೂರಿಸಿ ಮಾಡಿಸಿದ ಸಹಿಯನ್ನು ನಾನು ರಾಜಿ ಎನ್ನುವುದಿಲ್ಲ.

ಲೆಕ್ಕ ಕೊಡದಿರಲು ಇನ್ನೊಂದು ಕಾರಣವೂ ಇದೆ. ಆ ಕೋಣೆಯಲ್ಲಿ ಆಡಿದ ಮಾತು ಅಲ್ಲೇ ಉಳಿಯಬೇಕು. ಇತ್ಯರ್ಥವಾಗದಿದ್ದರೆ ನ್ಯಾಯಾಧೀಶರಿಗೆ ನಾವು ಕಳುಹಿಸುವುದು 'ಇತ್ಯರ್ಥವಾಗಿಲ್ಲ' ಎಂಬ ವರದಿಯನ್ನಷ್ಟೇ, ಯಾರಿಂದ, ಏಕೆ ಎಂದು ಬರೆಯುವಂತಿಲ್ಲ. ನ್ಯಾಯಾಧೀಶರಿಗೇ ಹೇಳದ್ದನ್ನು ಊಟದ ಪಂಕ್ತಿಯಲ್ಲಿ ಹೇಳುತ್ತೇನೆಯೇ?

ನನ್ನನ್ನು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ. ಮಧ್ಯಸ್ಥಿಕೆಗೆ ಯಾವಾಗ ಬರಬೇಕು? ಇದನ್ನು ಯಾರೂ ಕೇಳುವುದಿಲ್ಲ.

ಅರ್ಜಿ ಬರೆಯುವ ಮೊದಲು ಬನ್ನಿ. ಕ್ರೌರ್ಯದ ಆಧಾರದ ಮೇಲೆ ವಿಚ್ಛೇದನ ಕೇಳಬೇಕಾದರೆ ಕ್ರೌರ್ಯವನ್ನು ಬರೆಯಲೇಬೇಕು. ಮದುವೆಯ ಮರುದಿನದಿಂದ ಮೊದಲುಗೊಂಡು, ಅತ್ತೆ ಆಡಿದ ಮಾತು, ನಾದಿನಿಯ ಕೊಂಕು, ಮಲಗುವ ಕೋಣೆಯ ಸಂಗತಿ, ಎಲ್ಲವೂ ಸಂಖ್ಯೆ ಹಾಕಿದ ಕಂಡಿಕೆಗಳಾಗುತ್ತವೆ. ಆ ಕಡೆಯ ವಕೀಲರು ಆಕ್ಷೇಪಣೆಯಲ್ಲಿ ಒಂದೊಂದನ್ನೂ ಅಲ್ಲಗಳೆದು, ಜೊತೆಗೆ ತಮ್ಮ ಕಡೆಯ ಹತ್ತು ಆರೋಪ ಸೇರಿಸುತ್ತಾರೆ. ನಾನೂ ಇಂಥ ಅರ್ಜಿಗಳನ್ನು ಬರೆದಿದ್ದೇನೆ. ಬರೆಯುವಾಗ ಕಕ್ಷಿದಾರರ ಮುಖ ಬಿಗಿಯುವುದನ್ನು ನೋಡಿದ್ದೇನೆ. ಬಾಯಲ್ಲಿ ಬೈದದ್ದನ್ನು ಮನುಷ್ಯರು ಮರೆಯುತ್ತಾರೆ, ಪ್ರಮಾಣಪತ್ರ (ಅಫಿಡವಿಟ್) ಮಾಡಿ ಸಲ್ಲಿಸಿದ್ದನ್ನು ಮರೆಯುವುದಿಲ್ಲ. ಎರಡು ವರ್ಷ ವಾಯಿದೆಗಳಿಗೆ ಓಡಾಡಿದ ಮೇಲೆ ನನ್ನ ಮುಂದೆ ಕೂರುವವರು ಗಂಡ ಹೆಂಡತಿಯಾಗಿ ಉಳಿದಿರುವುದಿಲ್ಲ. ಎರಡು ಕಡತಗಳು ಎದುರುಬದುರು ಕುಳಿತಿರುತ್ತವೆ.

ಇದು ನನ್ನೊಬ್ಬಳ ಮಾತಲ್ಲ. 2013ರ ಫೆಬ್ರವರಿಯಲ್ಲಿ ಕೆ. ಶ್ರೀನಿವಾಸ ರಾವ್ ಮತ್ತು ಡಿ.ಎ. ದೀಪಾ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ದಾಂಪತ್ಯದ ವ್ಯಾಜ್ಯ ಮೊದಲ ಬಾರಿಗೆ ನ್ಯಾಯಾಲಯದ ಮುಂದೆ ಬಂದಾಗಲೇ ಅದನ್ನು ಮಧ್ಯಸ್ಥಿಕೆಗೆ ಕಳುಹಿಸಿ ಎಂದಿತು. ಅಷ್ಟೇ ಅಲ್ಲ, ಮೊಕದ್ದಮೆ ಹೂಡುವ ಮುನ್ನವೇ ಜನ ಬರುವಂತೆ ಮಧ್ಯಸ್ಥಿಕೆ ಕೇಂದ್ರಗಳೆಲ್ಲ ಪ್ರತ್ಯೇಕ ವಿಭಾಗ ತೆರೆಯಬೇಕು, ಅದಕ್ಕೆ ವ್ಯಾಪಕ ಪ್ರಚಾರ ಕೊಡಬೇಕು ಎಂದೂ ಹೇಳಿತು. ಪ್ರಚಾರ! ಆ ಪಂಕ್ತಿಯಲ್ಲಿ ನೂರು ಜನರಿದ್ದರು. ಒಬ್ಬರಿಗಾದರೂ ಇದು ಗೊತ್ತಿತ್ತು ಎಂದು ನನಗೆ ಅನ್ನಿಸುವುದಿಲ್ಲ. 2023ರಲ್ಲಿ ಸಂಸತ್ತು ಮಧ್ಯಸ್ಥಿಕೆಗೆಂದೇ ಕಾಯ್ದೆ ಮಾಡಿತು. 2021ರ ಮಸೂದೆಯಲ್ಲಿ ಮೊಕದ್ದಮೆಗೆ ಮುಂಚಿನ ಮಧ್ಯಸ್ಥಿಕೆ ಕಡ್ಡಾಯವೆಂದಿತ್ತು, ಕೊನೆಗೆ ಅದನ್ನು ಸ್ವಇಚ್ಛೆಗೆ ಬಿಟ್ಟರು. ಬಿಟ್ಟದ್ದು ಸರಿ ಎಂದೇ ನನ್ನ ಅಭಿಪ್ರಾಯ, ಕುತ್ತಿಗೆ ಹಿಡಿದು ಕೂರಿಸಿದರೆ ಕುರ್ಚಿ ತುಂಬುತ್ತದೆ, ಮಾತು ಹೊರಡುವುದಿಲ್ಲ. ಆದರೆ ಸ್ವಇಚ್ಛೆಯಿಂದ ಬರಬೇಕಾದರೆ ಬರುವ ದಾರಿ ಇದೆ ಎಂದಾದರೂ ತಿಳಿದಿರಬೇಕಲ್ಲ.

"ಆರು ತಿಂಗಳು ಕಾಯುವುದನ್ನು ತಪ್ಪಿಸಬಹುದಂತೆ?" ಎಂದು ಕೇಳುವವರಿಗೂ ಇಲ್ಲೇ ಹೇಳಿಬಿಡುತ್ತೇನೆ. ಒಂದು ವರ್ಷ ಬೇರೆ ಬದುಕಿದ ದಂಪತಿ ಪರಸ್ಪರ ಒಪ್ಪಿಗೆಯಿಂದ ಅರ್ಜಿ ಹಾಕಿದ ಮೇಲೆ ಕನಿಷ್ಠ ಆರು ತಿಂಗಳು ಕಾಯಬೇಕೆಂಬ ನಿಯಮ ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಲ್ಲಿದೆ. ಸುಪ್ರೀಂ ಕೋರ್ಟಿನ 2017ರ ಅಮರದೀಪ್ ಸಿಂಗ್ ತೀರ್ಪು ಅದನ್ನು ಸಡಿಲಿಸಿತು. ಕೋರ್ಟಿಗೆ ಬರುವ ಮೊದಲೇ ಇಬ್ಬರೂ ಒಂದೂವರೆ ವರ್ಷ ಬೇರೆ ಇದ್ದಿರಬೇಕು, ಕೂಡಿಸುವ ಯತ್ನಗಳೆಲ್ಲ ಮುಗಿದಿರಬೇಕು, ಜೀವನಾಂಶ, ಮಗುವಿನ ಪಾಲನೆ ಎಲ್ಲವೂ ನಿಜವಾಗಿ ಇತ್ಯರ್ಥವಾಗಿರಬೇಕು. ಆಗ ಆ ಆರು ತಿಂಗಳನ್ನು ನ್ಯಾಯಾಲಯ ಮನ್ನಿಸಬಹುದು. ಅಂದರೆ ಬೇಗ ಮುಗಿಯುವುದು ಮೊದಲೇ ಕುಳಿತು ಮಾತಾಡಿದವರಿಗೆ. ಈ ಷರತ್ತನ್ನು ಹೇಳಿದರೆ ಕೇಳಿದವರ ಮುಖ ಸಪ್ಪಗಾಗುತ್ತದೆ. ಅವರಿಗೆ ಬೇಕಾಗಿದ್ದದ್ದು ಒಂದು ಅರ್ಜಿ ನಮೂನೆ.

ಹಣದ ವಿಷಯದಲ್ಲೂ ಹಾಗೆಯೇ. ಜೀವನಾಂಶದ ಪ್ರಕರಣಗಳಲ್ಲಿ ಇಬ್ಬರೂ ತಮ್ಮ ಆದಾಯ, ಆಸ್ತಿ, ಸಾಲಗಳನ್ನು ಪ್ರಮಾಣಪತ್ರದಲ್ಲಿ ತೆರೆದಿಡಬೇಕು ಎಂದು ಸುಪ್ರೀಂ ಕೋರ್ಟಿನ 2020ರ ರಜನೀಶ್ ಮತ್ತು ನೇಹಾ ತೀರ್ಪು ಹೇಳಿದೆ, ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಕೊಡಬೇಕೆಂದೂ ಹೇಳಿದೆ. ಸಂಬಳ ಮುಚ್ಚಿಟ್ಟು ವರ್ಷಗಟ್ಟಲೆ ಎಳೆದರೆ ಲಾಭ ಎಂದುಕೊಂಡವರಿಗೆ ಈಗ ಬಾಕಿ ಬೆಳೆಯುತ್ತದೆ.

ಆ ಹುಡುಗಿ? ನಾನು ಆ ಮಾತು ಹೇಳಿದಾಗ ಅವಳು ಎಲೆಯಿಂದ ತಲೆ ಎತ್ತಿ ನೋಡಿದಳು. ಅಷ್ಟೇ. ನಾನು ಹೋಗಿ ಮಾತನಾಡಿಸಲಿಲ್ಲ, ಕರೆಯದೆ ಹೋಗುವವರು ಅವಳಿಗೆ ಆಗಲೇ ಸಾಕಷ್ಟಿದ್ದರು. ಇದನ್ನು ಬರೆಯುತ್ತಿರುವುದು ಅಂಥವರಿಗಾಗಿಯೂ ಹೌದು.

ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ ಇದೆ. ಮೊಕದ್ದಮೆ ಹೂಡದೆಯೂ ಮಧ್ಯಸ್ಥಿಕೆ ಕೇಳಿ ಅಲ್ಲಿಗೆ ಹೋಗಬಹುದು. ಬೆಂಗಳೂರಿನಲ್ಲಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದಲ್ಲಿ 2007ರಲ್ಲಿ ಆರಂಭವಾದ ಮಧ್ಯಸ್ಥಿಕೆ ಕೇಂದ್ರವಿದೆ. ವಿಚ್ಛೇದನದ ಡಿಕ್ರಿಯನ್ನು, ಅಂದರೆ ಅಂತಿಮ ಆದೇಶವನ್ನು, ಕೊನೆಗೆ ನ್ಯಾಯಾಲಯವೇ ಕೊಡಬೇಕು. ಆದರೆ ಯಾರ ಬಳಿ ಮಗು, ಎಷ್ಟು ಹಣ, ಒಡವೆ ಯಾರದು ಎನ್ನುವುದನ್ನು ಅದಕ್ಕೂ ಮುಂಚೆ ನೀವೇ ತೀರ್ಮಾನಿಸಿಕೊಳ್ಳಬಹುದು. ಬರುವಾಗ ಮಾವಂದಿರನ್ನೂ ಚಿಕ್ಕಪ್ಪಂದಿರನ್ನೂ ಮನೆಯಲ್ಲೇ ಬಿಟ್ಟು ಬನ್ನಿ. ಸಂಬಳದ ಚೀಟಿ ತನ್ನಿ, ಸಾಲದ ವಿವರ ತನ್ನಿ, ಮಗುವಿನ ಶಾಲೆಯ ರಜೆಗಳ ಪಟ್ಟಿ ತನ್ನಿ. ದಸರೆಗೆ ಅಪ್ಪನ ಮನೆಯೋ ಅಮ್ಮನ ಮನೆಯೋ ಎಂದು ಆ ಪಟ್ಟಿಯನ್ನು ನೋಡಿಯೇ ಬರೆಯಬೇಕಾಗುತ್ತದೆ. ಒಡವೆಗಳ ಪಟ್ಟಿಯನ್ನು ಎಲ್ಲರೂ ತರುತ್ತಾರೆ, ಇದನ್ನು ತಾವಾಗಿ ತಂದವರನ್ನು ನಾನಿನ್ನೂ ಕಂಡಿಲ್ಲ.