ಸಾಮಿ ಜನರ ಕತೆ ಕೇಳಲು ಇನಾರಿಗೆ ಹೋಗುವವರಿಗೆ

ಸಾಮಿ ಅಂದರೆ ಫಿನ್‌ಲ್ಯಾಂಡ್, ನಾರ್ವೆ ಕಡೆಯ ಉತ್ತರ ಭಾಗದ ಮೂಲನಿವಾಸಿ ಜನ. ಫಿನ್‌ಲ್ಯಾಂಡಿನ ಉತ್ತರ ತುದಿಯ ಇನಾರಿಗೆ ಹೋದರೆ ಮೊದಲು ಸಾಮಿ ಸಾಂಸ್ಕೃತಿಕ ಕೇಂದ್ರವಾದ ಸಾಯೋಸ್ ಕಟ್ಟಡದ ಗ್ರಂಥಾಲಯಕ್ಕೆ ಹೋಗಿ. ಸಾಮಿ ಕವಿ ನಿಲ್ಸ್-ಆಸ್ಲಾಕ್ ವಾಲ್ಕೆಯಾಪ್ಯಾ ಬರೆದ 'ಸೂರ್ಯ, ನನ್ನ ತಂದೆ' ಎಂಬ ಅರ್ಥದ ಕವನ ಸಂಕಲನ ಕೇಳಿ. ಅದು ಬಂದಿದ್ದು 1988ರಲ್ಲಿ. 1991ರಲ್ಲಿ ನಾರ್ಡಿಕ್ ಕೌನ್ಸಿಲ್ ಸಾಹಿತ್ಯ ಪ್ರಶಸ್ತಿಯೂ ಸಿಕ್ಕಿತು. ಸಾಮಿ ಭಾಷೆಯ ಮೂಲವನ್ನೇ ಕೇಳಿ, ಅನುವಾದ ಬೇಡ.

ಭಾಷೆ ಬರದಿದ್ದರೂ ಒಂದು ಕಡೆ ನಿಮ್ಮ ಕಣ್ಣು ನಿಲ್ಲುತ್ತದೆ. ಅಲ್ಲಿ ಸಾಲುಗಳೇ ಇಲ್ಲ. ಹಿಮಸಾರಂಗಗಳನ್ನು ಗುರುತಿಸುವ ಬೇರೆ ಬೇರೆ ಪದಗಳು ಪುಟದ ತುಂಬ ಚದುರಿವೆ. ಹಿಂಡು ಮೇಯುತ್ತಾ ಒಂದು ಪುಟದಿಂದ ಇನ್ನೊಂದಕ್ಕೆ ದಾಟಿ ಹೋಗುತ್ತಿರುವ ಹಾಗೆ ಕಾಣುತ್ತದೆ. ಈ ಭಾಗವನ್ನು ಕವಿ ಅನುವಾದಕ್ಕೆ ಕೊಡಲಿಲ್ಲ. ಸಾಮಿ ಜನರ ಹಳೇ ಫೋಟೋಗಳೂ ಮೂಲದಲ್ಲಿ ಮಾತ್ರ ಇವೆ. ನಾನು ಅದರ ಮುಂದೆ ಒಂದು ಗಂಟೆ ಕೂತಿದ್ದೆ.

ಆದರೆ ಅದೇ ಸಂಜೆ ತಪ್ಪು ಮಾಡಿದೆ. ನಾವು ಉಳಿದಿದ್ದ ಮನೆಯ ಹಿರಿಯಕ್ಕ ಒಲೆ ಮುಂದೆ ಕೂತು ಮೆಲ್ಲಗೆ ಯೋಯ್ಕ್ ಎಂಬ ಸಾಮಿ ಗಾಯನ ಶುರು ಮಾಡಿದರು. ನಾನು ಸುಮ್ನೆ ಫೋನ್ ತೆಗೆದು ರೆಕಾರ್ಡ್ ಒತ್ತಿದೆ. ಅವರು ನಿಲ್ಲಿಸಿಬಿಟ್ಟರು. "ಇದು ನನ್ನ ತಮ್ಮನ ಯೋಯ್ಕ್. ಅವನನ್ನು ಕೇಳದೆ ನಾನು ಕೊಡೋಕಾಗಲ್ಲ" ಅಂದರು. ಯೋಯ್ಕ್ ಅಂದರೆ ಒಬ್ಬರ ಬಗ್ಗೆ ಹಾಡುವ ಹಾಡಲ್ಲ, ಹಾಡುವಾಗ ಆ ಮನುಷ್ಯನೇ ಅಲ್ಲಿ ಬಂದಿರುತ್ತಾನೆ ಅಂತ ಅವರ ನಂಬಿಕೆ. ಹಾಗಾಗಿ ಅದು ಹಾಡಿದವರದ್ದಲ್ಲ, ಯಾರ ಯೋಯ್ಕೋ ಅವರದ್ದು. ನೀವು ಹೋದಾಗ ಫೋನನ್ನು ಚೀಲದಲ್ಲೇ ಇಡಿ. ಬೇಕೇ ಬೇಕು ಅಂದರೆ ಮೊದಲು ಕೇಳಿ. ಹಾಗೇ, ಎಷ್ಟು ಹಿಮಸಾರಂಗ ಇವೆ ಅಂತ ಯಾರನ್ನೂ ಕೇಳಬೇಡಿ. ಬ್ಯಾಂಕಿನಲ್ಲಿ ಎಷ್ಟು ದುಡ್ಡಿದೆ ಅಂತ ಕೇಳಿದ ಹಾಗೆ.

ಹೆಲ್ಸಿಂಕಿಯಿಂದ ಇವಾಲೋಗೆ ವಿಮಾನ, ಅಲ್ಲಿಂದ ಇನಾರಿಗೆ ಸುಮಾರು 40 ಕಿ.ಮೀ. ಫೆಬ್ರವರಿ 6 ಸಾಮಿ ರಾಷ್ಟ್ರೀಯ ದಿನ. ಆ ವಾರ ಹೋದರೆ ಒಳ್ಳೇದು, ಚಳಿಗಾಲದಲ್ಲಿ ವಾರಗಟ್ಟಲೆ ಹುಟ್ಟದ ಸೂರ್ಯನೂ ವಾಪಸ್ ಬಂದಿರುತ್ತಾನೆ. ಚಳಿ ಮೈನಸ್ 30ಕ್ಕೂ ಇಳಿಯಬಹುದು. ಉಣ್ಣೆಯ ಒಳ ಉಡುಪು ಎರಡು ಜೊತೆ ಇರಲಿ. ಇನಾರಿಯ ಸಾಮಿ ಮ್ಯೂಸಿಯಂ ಸೀಡಾಗೆ ಅರ್ಧ ದಿನ ಇಡಿ. ಹೆಲ್ಸಿಂಕಿಯ ರಾಷ್ಟ್ರೀಯ ಮ್ಯೂಸಿಯಂ 2,200ಕ್ಕೂ ಹೆಚ್ಚು ಸಾಮಿ ವಸ್ತುಗಳನ್ನು 2021ರಲ್ಲಿ ಇಲ್ಲಿಗೆ ಹಿಂದಿರುಗಿಸಿತು.

ಎರಡು ದಿನ ಜಾಸ್ತಿ ಇದ್ದರೆ ನಾರ್ವೆಯ ಕರಾಶೋಕ್‌ಗೆ ಹೋಗಿ, ಸುಮಾರು 115 ಕಿ.ಮೀ. ಎರಡೂ ಷೆಂಗೆನ್ ದೇಶಗಳು, ಒಂದೇ ವೀಸಾ ಸಾಕು. ಬಸ್ಸು ಕಡಿಮೆ. ಮೊದಲು ಬಸ್ ಸಮಯ ನೋಡಿ, ಆಮೇಲೆ ರೂಮು ಬುಕ್ ಮಾಡಿ. ನಾರ್ವೆಯ ಗಡಿಯಾರ ಒಂದು ಗಂಟೆ ಹಿಂದೆ ಇರುತ್ತದೆ. ಅಲ್ಲಿನ ಮ್ಯೂಸಿಯಂನಲ್ಲಿ ಆಂಡರ್ಸ್ ಪೌಲ್ಸೆನ್ ಎಂಬ ಸಾಮಿ ಮುದುಕನ ಡೋಲು ಇದೆ. 1691ರಲ್ಲಿ ಅದನ್ನು ಕಿತ್ತುಕೊಂಡು, ಮಾಟದ ಆರೋಪ ಹೊರಿಸಿ ಕೋರ್ಟಿಗೆಳೆದರು. ಡೋಲಿನ ಮೇಲಿನ ಒಂದೊಂದು ಚಿತ್ರದ ಅರ್ಥವನ್ನೂ ಪೌಲ್ಸೆನ್ ನ್ಯಾಯಾಧೀಶರ ಮುಂದೆ ಹೇಳಿದರು. ತೀರ್ಪಿಗೆ ಮೊದಲೇ ಸೆರೆಯಲ್ಲಿ ಕೊಲೆಯಾದರು. ಡೋಲು ಪೂರ್ತಿಯಾಗಿ ಸಾಮಿ ಜನರ ಕೈಗೆ ಬಂದಿದ್ದು 2022ರಲ್ಲಿ! ಪ್ರದರ್ಶನಕ್ಕೆ ಇಟ್ಟಿದ್ದಾರಾ ಅಂತ ಮೊದಲೇ ಮೇಲ್ ಮಾಡಿ ಕೇಳಿ.

ಇನ್ನೊಂದು ತಯಾರಿ ಮಾಡಿಕೊಳ್ಳಿ. ನಿಮ್ಮ ಅಜ್ಜಿ ಹೇಳಿದ ಒಂದು ಕತೆಯನ್ನು ಇಂಗ್ಲಿಷಿನಲ್ಲಿ ಹೇಳಲು ಕಲಿತು ಹೋಗಿ. ಕೊನೇ ರಾತ್ರಿ ಹಿರಿಯಕ್ಕ ತಾವಾಗಿಯೇ ಸ್ತಾಲ್ಲುವಿನ ಕತೆ ತೆಗೆದರು. ಸ್ತಾಲ್ಲು ನಮ್ಮ ಗುಮ್ಮನ ಹಾಗೆ, ಮನುಷ್ಯರನ್ನು ತಿನ್ನುವವನು, ಆದರೆ ಪೆದ್ದ. ಕ್ರಿಸ್ಮಸ್ ಹಿಂದಿನ ರಾತ್ರಿ ಅವನ ಜಾರುಬಂಡಿಗೆ ತೊಡರಬಾರದು ಅಂತ ಅಂಗಳದ ಕಡ್ಡಿಗಳನ್ನೆಲ್ಲ ಆರಿಸಿ, ಅವನಿಗೆ ಕುಡಿಯಲು ನೀರು ತುಂಬಿಸಿಡುತ್ತಿದ್ದರಂತೆ. ಮುಗಿಸಿ, "ಈಗ ನಿಮ್ಮದು" ಅಂದರು. ನಾನು ಕಾಗಕ್ಕ ಗುಬ್ಬಕ್ಕನ ಕತೆ ಹೇಳಿದೆ. ಕಾಗಕ್ಕನ ಸಗಣಿ ಮನೆ ಮಳೆಗೆ ಕರಗಿ, ಗುಬ್ಬಕ್ಕನ ಬಾಗಿಲು ಬಡಿಯುತ್ತಾ ನಿಂತ ಜಾಗಕ್ಕೆ ಬಂದಾಗ ಅವರು ಮುಂದಕ್ಕೆ ಬಾಗಿ ಕೇಳಿದರು, "ತೆಗೆದಳಾ?"