ಬಾವಡಿ ಫೋಟೊಗಳಿಗೆ ಮನೆಯಲ್ಲೇ ವೆಬ್ ಸರ್ವರ್: ಏಪ್ರಿಲ್‌ನಿಂದ ಜೂನ್‌ವರೆಗಿನ ಕೆಲಸ

ಏಪ್ರಿಲ್, ಮೊದಲ ವಾರ

ಯಂತ್ರ ಹಳೆಯ ಆಫೀಸ್ ಡೆಸ್ಕ್‌ಟಾಪ್. ಮೂರನೇ ಪೀಳಿಗೆಯ ಕೋರ್ ಐ3, 4 ಜಿಬಿ ರ್‍ಯಾಮ್, ಹೊಸದಾಗಿ ಹಾಕಿದ 240 ಜಿಬಿ ಎಸ್‌ಎಸ್‌ಡಿ. ವಿಜಯಪುರದ ಬಾವಡಿಗಳು, ಅಂದರೆ ಮೆಟ್ಟಿಲಿರುವ ಹಳೆಯ ಬಾವಿಗಳು: ತಾಜ್ ಬಾವಡಿ, ಚಾಂದ್ ಬಾವಡಿ, ಓಣಿಗಳೊಳಗೆ ಮುಚ್ಚಿಹೋಗಿರುವ ಸಣ್ಣ ಬಾವಡಿಗಳ 640 ಫೋಟೊ, ಅವುಗಳ ಅಳತೆ, ನೀರಿನ ಮಟ್ಟದ ಟಿಪ್ಪಣಿ. ಜನ ನೋಡಲು ಇಡಬೇಕಾಗಿರುವುದು ಇಷ್ಟೇ, ಇದಕ್ಕೆ ಈ ಯಂತ್ರ ಧಾರಾಳ ಸಾಕು.

ವ್ಯಾಟ್ ಮೀಟರ್ ಹಚ್ಚಿ ನೋಡಿದರೆ ಸುಮ್ಮನೆ ಕೂತಾಗ 40 ವ್ಯಾಟ್ ಎಳೆಯುತ್ತದೆ. ದಿನವಿಡೀ ಓಡಿದರೆ ತಿಂಗಳಿಗೆ ಹೆಚ್ಚುಕಡಿಮೆ 29 ಯೂನಿಟ್. ಗೃಹಜ್ಯೋತಿ ಇರುವ ಮನೆಯವರು ಈ ಲೆಕ್ಕ ಮೊದಲೇ ಮಾಡಬೇಕು. ಮನೆಗೆ ಗೊತ್ತುಮಾಡಿದ ಯೂನಿಟ್ ಮೀರಿದರೆ ಹೆಚ್ಚಾದಷ್ಟಕ್ಕೆ ದುಡ್ಡು, ಒಟ್ಟು 200 ದಾಟಿದರೆ ಆ ತಿಂಗಳ ಬಿಲ್ಲೆಲ್ಲ ಕೈಯಿಂದಲೇ.

ಕ್ಯಾಬಿನೆಟ್ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತಿತ್ತು. ಮಲ್ಟಿಮೀಟರ್‌ನಲ್ಲಿ ಫೇಸ್–ನ್ಯೂಟ್ರಲ್ 228 ವೋಲ್ಟ್, ನ್ಯೂಟ್ರಲ್–ಅರ್ಥ್ 109. ಅರ್ಧದಷ್ಟು ಬಂದರೆ ಮೂರನೇ ಪಿನ್ನಿಗೆ ಅರ್ಥ್ ವೈರೇ ತಲುಪಿಲ್ಲ ಎಂದು ತಿಳಿಯಬೇಕು. ಎಸ್‌ಎಂಪಿಎಸ್ (ಯಂತ್ರಕ್ಕೆ ಕರೆಂಟ್ ಕೊಡುವ ಡಬ್ಬಿ) ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಆಗ ಲೋಹದ ಮೈಯನ್ನು ಅರ್ಧ ವೋಲ್ಟೇಜಿಗೆ ಎತ್ತಿ ಹಿಡಿಯುತ್ತವೆ. ಮೇನ್ ಆಫ್ ಮಾಡಿ ಬೋರ್ಡ್ ಬಿಚ್ಚಿದರೆ ಹಸಿರು ವೈರ್ ಸ್ಕ್ರೂನಿಂದ ಹೊರಗೆ ಬಂದಿತ್ತು. ಬಿಗಿ ಮಾಡಿದ ಮೇಲೆ 1.4 ವೋಲ್ಟ್.

ಅಷ್ಟಕ್ಕೇ ಅರ್ಥಿಂಗ್ ಚೆನ್ನಾಗಿದೆ ಎಂದು ನಂಬಬಾರದು, ಏಕೆಂದರೆ ಮೀಟರ್ ಕರೆಂಟನ್ನೇ ಎಳೆಯುವುದಿಲ್ಲ. ವೈರ್‌ಮನ್ ಫೇಸ್ ಮತ್ತು ಅರ್ಥ್ ನಡುವೆ 100 ವ್ಯಾಟಿನ ತಂತಿ ಬಲ್ಬ್ ಹಚ್ಚಿ ನೋಡಿದಾಗ ನ್ಯೂಟ್ರಲ್–ಅರ್ಥ್ 37ಕ್ಕೆ ಏರಿತು. ಲೆಕ್ಕ ಹಾಕಿದರೆ ನೆಲದ ರೋಧ 100 ಓಮ್ ಹತ್ತಿರ. ಈ ಪರೀಕ್ಷೆಯನ್ನು ತಿಳಿದವರಿಂದಲೇ ಮಾಡಿಸಬೇಕು. ಆ ಒಂದು ನಿಮಿಷ ಯಾರೂ ಫ್ರಿಜ್, ಮಿಕ್ಸರ್ ಮುಟ್ಟಬಾರದು, ಕರೆಂಟ್ ಸೋರಿದರೆ ಕಡಿಯುವ ಆರ್‌ಸಿಸಿಬಿ ಸ್ವಿಚ್ ಇದ್ದ ಮನೆಯಲ್ಲಿ ಅದು ಕೂಡಲೇ ಟ್ರಿಪ್ ಆಗುತ್ತದೆ. ಕಾರಣ ಹಿತ್ತಲಲ್ಲೇ ಇತ್ತು. ನಮ್ಮ ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು ಅರ್ಥ್ ಪೈಪಿನಿಂದ ದೂರ ಸರಿದಿತ್ತು, ಬಿರುಕಿನಲ್ಲಿ ಎರಡು ಬೆರಳು ಇಳಿಯುತ್ತಿದ್ದವು. ಸುತ್ತ ಅಗೆದು ಇದ್ದಲು ಮತ್ತು ಉಪ್ಪು ತುಂಬಿ, ನಾಲ್ಕು ಕೊಡ ನೀರು ಹಾಕಿ ಮರುದಿನ ಅದೇ ಬಲ್ಬ್ ಹಚ್ಚಿದಾಗ 6 ವೋಲ್ಟ್, ಅಂದರೆ ಸುಮಾರು 14 ಓಮ್. ಮಳೆ ಹಿಡಿಯುವವರೆಗೆ ವಾರಕ್ಕೆ ಎರಡು ಕೊಡ ನೀರು ಕಡ್ಡಾಯ. ಮುಂಗಾರಿಗೆ ಮುಂಚಿನ ಗುಡುಗು ಸಿಡಿಲಿನ ದಿನಗಳಲ್ಲಿ ಸರ್ಜ್ ಪ್ರೊಟೆಕ್ಟರ್ ಪೂರ್ತಿ ಉಪಯೋಗಕ್ಕೆ ಬರುವುದು ಈ ಗುಂಡಿ ಹಸಿಯಾಗಿದ್ದರೆ ಮಾತ್ರ.

ಏಪ್ರಿಲ್, ಮೂರನೇ ವಾರ

ಪ್ರೊಸೆಸರ್ ಶಾಖ 78 ಡಿಗ್ರಿ. ಹಳೆಯ ಥರ್ಮಲ್ ಪೇಸ್ಟ್ ಒಣಗಿ ಸುಣ್ಣದಂತಾಗಿತ್ತು. ಒರೆಸಿ, ಜೋಳದ ಕಾಳಿನಷ್ಟು ಹೊಸದು ಹಾಕಿದ ಮೇಲೆ 59. ಗಾಳಿ ಒಳಗೆ ಹೋಗುವ ಕಡೆ ಸೊಳ್ಳೆ ಪರದೆಯ ಬಟ್ಟೆ ಒಂದೇ ಪದರ ಕಟ್ಟಿದೆ, 15 ದಿನಕ್ಕೊಮ್ಮೆ ತೊಳೆಯಬೇಕು. ಎರಡು ಪದರ ಕಟ್ಟಿದರೆ ಗಾಳಿ ಸಾಲದೆ 6 ಡಿಗ್ರಿ ಏರುತ್ತದೆ. ಪಶ್ಚಿಮದ ಗೋಡೆ ಬಿಟ್ಟು ಪಡಸಾಲೆಯಲ್ಲಿ, ನೆಲದಿಂದ ಎರಡು ಅಡಿ ಎತ್ತರದ ಸ್ಟೂಲ್ ಮೇಲೆ ಇಟ್ಟಿದ್ದೇವೆ.

ಬಯೋಸ್‌ನಲ್ಲಿ (ಯಂತ್ರ ಆನ್ ಆಗುವಾಗ ಮೊದಲು ಓಡುವ ಒಳ ವ್ಯವಸ್ಥೆ) ಎರಡು ಬದಲಾವಣೆ. ಕರೆಂಟ್ ಬಂದ ಕೂಡಲೇ ತಾನೇ ಆನ್ ಆಗಬೇಕು. ಕೀಬೋರ್ಡ್ ಇಲ್ಲವೆಂದು ನಿಲ್ಲಬಾರದು. ಮದರ್‌ಬೋರ್ಡಿನ ನಾಣ್ಯದಂಥ ಸಿಆರ್2032 ಸೆಲ್ 2.6 ವೋಲ್ಟಿಗೆ ಇಳಿದಿದ್ದರಿಂದ ಎರಡೂ ಮರೆತುಹೋಗುತ್ತಿದ್ದವು, ಗಡಿಯಾರವೂ ಹಿಂದೆ ಬೀಳುತ್ತಿತ್ತು. ತಾರೀಖು ತಪ್ಪಿದರೆ ಎಚ್‌ಟಿಟಿಪಿಎಸ್ (ಸುರಕ್ಷಿತ ವೆಬ್ ಸಂಪರ್ಕ) ಸರ್ಟಿಫಿಕೇಟ್ ತಪಾಸಣೆಯೂ ಸೋಲುತ್ತದೆ. ಹೊಸ ಸೆಲ್ ಹಾಕಿದರೆ ಮೂರೂ ತೊಂದರೆ ಮುಗಿದವು.

ಸಾಫ್ಟ್‌ವೇರ್ ಕೆಲಸ ಅರ್ಧ ಗಂಟೆಯದು. ಡೆಬಿಯನ್ 12 ಲಿನಕ್ಸ್, ಡೆಸ್ಕ್‌ಟಾಪ್ ಪರಿಸರ ಬೇಡ, ದೂರದಿಂದ ಲಾಗಿನ್ ಆಗಲು ಎಸ್‌ಎಸ್‌ಎಚ್ ಮತ್ತು ಪುಟಗಳನ್ನು ಕಳಿಸಲು ಎನ್‌ಜಿನ್‌ಎಕ್ಸ್ ಸಾಕು. ಎಸ್‌ಎಸ್‌ಎಚ್‌ನಲ್ಲಿ ಕೀಲಿ ಕೂಡಿಸಿ ಪಾಸ್‌ವರ್ಡ್ ಲಾಗಿನ್ ಬಂದ್ ಮಾಡಿದೆ. ಫೈಲ್‌ಗಳನ್ನು ಬಳಕೆದಾರರ ಹೋಮ್ ಫೋಲ್ಡರ್‌ನಲ್ಲಿ ಇಟ್ಟಾಗ 403, ಅಂದರೆ ಅನುಮತಿ ಇಲ್ಲ ಎಂಬ ದೋಷ ಬಂತು. ಡೆಬಿಯನ್ 12 ಆ ಫೋಲ್ಡರನ್ನು 700 ಅನುಮತಿಯಲ್ಲಿ (ಒಡೆಯನಿಗೆ ಮಾತ್ರ ಪ್ರವೇಶ) ಮಾಡುತ್ತದೆ, ವೆಬ್ ಸರ್ವರ್‌ಗೆ ಬಾಗಿಲಲ್ಲೇ ತಡೆ. 777 (ಎಲ್ಲರಿಗೂ ಎಲ್ಲ ಅನುಮತಿ) ಕೊಟ್ಟು ಬಿಡುವುದು ತಪ್ಪು ದಾರಿ. ಫೈಲ್‌ಗಳನ್ನು ವಾರ್ ಒಳಗಿನ ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಫೋಲ್ಡರ್‌ಗೆ ಸಾಗಿಸಿ, ಫೋಲ್ಡರ್‌ಗೆ 755, ಫೈಲಿಗೆ 644 ಕೊಟ್ಟರೆ ಸರಿಯಾಯಿತು.

ಫೋಟೊ ಒಂದೊಂದೂ 6 ಎಂಬಿ ಇತ್ತು. ಅಗಲ 1600 ಪಿಕ್ಸೆಲ್‌ಗೆ ಇಳಿಸಿ ವೆಬ್‌ಪಿ ಮಾಡಿದ ಮೇಲೆ ಸರಾಸರಿ 300 ಕೆಬಿ, ಮೆಟ್ಟಿಲುಗಳ ಕಲ್ಲಿನ ಉಳಿ ಗುರುತು ಹಾಗೇ ಕಾಣುತ್ತದೆ.

ಮೇ

ವಿಳಾಸದ್ದೇ ದೊಡ್ಡ ಕೆಲಸ. ಹೊರಗಿನವರ ಕೋರಿಕೆ ಯಂತ್ರಕ್ಕೆ ತಲುಪಲೆಂದು ರೂಟರ್‌ನಲ್ಲಿ ವೆಬ್‌ನ 80 ಮತ್ತು 443 ಪೋರ್ಟ್ ಫಾರ್ವರ್ಡ್ ಮಾಡಿದರೂ ಹೊರಗಿನಿಂದ ಏನೂ ತೆರೆಯಲಿಲ್ಲ. ರೂಟರ್‌ನ ವ್ಯಾನ್ (ಹೊರಮುಖದ) ವಿಳಾಸ 100.72ರಿಂದ ಶುರುವಾಗುತ್ತಿತ್ತು. 100.64ರಿಂದ 100.127ರ ಒಳಗಿದ್ದರೆ ಅದು ಸಿಜಿನ್ಯಾಟ್, ಎಷ್ಟೋ ಮನೆಗಳಿಗೆ ಸೇರಿ ಒಂದೇ ಹೊರ ವಿಳಾಸ. ಅಲ್ಲಿ ಬದಲಾಗುವ ವಿಳಾಸಕ್ಕೆ ಒಂದೇ ಹೆಸರು ಕೊಡುವ ಡೈನಾಮಿಕ್ ಡಿಎನ್‌ಎಸ್, ಪೋರ್ಟ್ ಫಾರ್ವರ್ಡಿಂಗ್ ಎಷ್ಟು ಮಾಡಿದರೂ ವ್ಯರ್ಥ. ಪರೀಕ್ಷೆಯನ್ನು ಯಾವಾಗಲೂ ಮೊಬೈಲ್ ಡೇಟಾದಿಂದ ಮಾಡಬೇಕು. ಮನೆಯ ವೈಫೈನಿಂದ ನೋಡಿದರೆ ಕೆಲವು ರೂಟರ್‌ಗಳು ತಮ್ಮದೇ ಲಾಗಿನ್ ಪುಟ ತೋರಿಸಿ ದಾರಿ ತಪ್ಪಿಸುತ್ತವೆ.

ಹೊಸ ಬಗೆಯ ಇಂಟರ್‌ನೆಟ್ ವಿಳಾಸವಾದ ಐಪಿವಿ6 ಮಾತ್ರ ಕೊಟ್ಟರೆ ಹಳೆಯ ಸಂಪರ್ಕದವರಿಗೆ ತೆರೆಯುವುದಿಲ್ಲ. ಹಾಗಾಗಿ 1 ಜಿಬಿಯ ಬಾಡಿಗೆ ಸರ್ವರ್ ಒಂದನ್ನು ಹೊಸ್ತಿಲಾಗಿ ಇಟ್ಟು, ಅದಕ್ಕೂ ಮನೆಗೂ ನಡುವೆ ವೈರ್‌ಗಾರ್ಡ್ ಸುರಂಗ (ಇಂಟರ್‌ನೆಟ್ ಮೇಲಿನ ಖಾಸಗಿ ದಾರಿ) ಹಾಕಿದೆ. ಸುರಂಗವನ್ನು ಮನೆಯ ಯಂತ್ರವೇ ಒಳಗಿನಿಂದ ತೆರೆಯುವುದರಿಂದ ಸಿಜಿನ್ಯಾಟ್ ಅಡ್ಡ ಬರುವುದಿಲ್ಲ. ಪರ್ಸಿಸ್ಟೆಂಟ್ ಕೀಪ್‌ಅಲೈವ್ 25 ಸೆಕೆಂಡ್ ಹಾಕಲೇಬೇಕು, ಇಲ್ಲದಿದ್ದರೆ ಸ್ವಲ್ಪ ಹೊತ್ತು ಯಾರೂ ಬಾರದಿದ್ದಾಗ ದಾರಿ ಮುಚ್ಚಿಹೋಗುತ್ತದೆ. ಸರ್ಟಿಫಿಕೇಟ್ ಮತ್ತು ಅದರ ಖಾಸಗಿ ಕೀಲಿ ಮನೆಯಲ್ಲೇ ಇವೆ, ಬಾಡಿಗೆ ಸರ್ವರ್ 80 ಮತ್ತು 443ರ ದಟ್ಟಣೆಯನ್ನು ಬಿಚ್ಚದೆ ದಾಟಿಸುತ್ತದಷ್ಟೇ. ಉಚಿತ ಸರ್ಟಿಫಿಕೇಟ್ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ಗೆ ಮೊದಲು ಅವರ ಪರೀಕ್ಷೆಯ ಸ್ಟೇಜಿಂಗ್‌ನಲ್ಲಿ ಪ್ರಯತ್ನಿಸಿದ್ದು ಒಳ್ಳೆಯದಾಯಿತು. ಅಸಲಿಯಲ್ಲಿ ಪದೇ ಪದೇ ಸೋತರೆ ಅವರು ಸ್ವಲ್ಪ ಹೊತ್ತು ತಡೆದು ಕಾಯಿಸುತ್ತಾರೆ.

ಒಂದು ಮುಖ್ಯ ತಪ್ಪು. ಹೀಗೆ ದಾಟಿಸಿದಾಗ ಲಾಗ್‌ನಲ್ಲಿ ಬಂದವರೆಲ್ಲರ ವಿಳಾಸವೂ ಬಾಡಿಗೆ ಸರ್ವರ್‌ನದೇ. ಲಾಗ್ ನೋಡಿ ಕಿರುಕುಳದ ವಿಳಾಸಗಳನ್ನು ತಡೆಯುವ ಫೇಲ್2ಬ್ಯಾನ್ ಒಬ್ಬ ಕಿಡಿಗೇಡಿಯನ್ನು ತಡೆಯಲು ಹೋಗಿ ಇಡೀ ಸುರಂಗವನ್ನೇ ತಡೆಯಿತು, ಸೈಟ್ ಹತ್ತು ನಿಮಿಷ ಬಂದ್. ಎರಡೂ ಕಡೆ ಬಂದವರ ವಿಳಾಸವನ್ನು ಜೊತೆಗೆ ಸಾಗಿಸುವ ಪ್ರಾಕ್ಸಿ ಪ್ರೋಟೊಕಾಲ್ ಆನ್ ಮಾಡಿದರೆ ನಿಜವಾದ ವಿಳಾಸ ಬರುತ್ತದೆ. ಒಂದೇ ಕಡೆ ಮಾಡಿದರೆ ಪುಟವೇ ತೆರೆಯದು. ಆಮೇಲೂ ಫೇಲ್2ಬ್ಯಾನ್ ತಡೆ ಹಾಕಬೇಕಾದುದು ಬಾಡಿಗೆ ಸರ್ವರ್‌ನಲ್ಲಿ, ಮನೆಯ ಫೈರ್‌ವಾಲ್ ಆ ವಿಳಾಸವನ್ನು ಕಾಣುವುದೇ ಇಲ್ಲ.

ಕನ್ನಡದ ವಿಷಯಕ್ಕೆ ಬಂದರೆ, ಎನ್‌ಜಿನ್‌ಎಕ್ಸ್‌ನಲ್ಲಿ ಕ್ಯಾರ್‌ಸೆಟ್ (ಅಕ್ಷರಗಳ ಸಂಕೇತ ಪದ್ಧತಿ) ಯುಟಿಎಫ್-8 ಎಂದು ಬರೆಯದಿದ್ದಾಗ ‘ಬಾವಡಿ’ ಇದ್ದಲ್ಲಿ ಅರ್ಥವಿಲ್ಲದ ಗುರುತುಗಳು ಬಂದವು. ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಟಿಪ್ಪಣಿಗಳನ್ನು ಯುನಿಕೋಡ್‌ಗೆ ತಿರುಗಿಸಿದ ಮೇಲೆ ಅರ್ಕಾವತ್ತು ಇರುವ ಪದಗಳನ್ನು ಕಣ್ಣಾರೆ ನೋಡಲೇಬೇಕು. ನುಡಿಯಲ್ಲಿ ಅರ್ಕಾವತ್ತು ಅಕ್ಷರದ ನಂತರ ಕೂರುತ್ತದೆ, ಯುನಿಕೋಡ್‌ನಲ್ಲಿ ಅಕ್ಷರಕ್ಕಿಂತ ಮೊದಲು. ‘ದರ್ಗಾ’ ಮೂರು ಕಡೆ ‘ದಗಾರ್’ ಆಗಿತ್ತು.

ಜೂನ್

600 ವಿಎ ಯುಪಿಎಸ್, ಒಳಗೆ 12 ವೋಲ್ಟ್ 7 ಎಎಚ್ ಬ್ಯಾಟರಿ. ಯಂತ್ರ ಮತ್ತು ಫೈಬರ್ ಮೋಡೆಮ್ ಸೇರಿ 52 ವ್ಯಾಟಿಗೆ 48 ನಿಮಿಷ ತಡೆಯಿತು. ಇದಕ್ಕೆ ಯುಎಸ್‌ಬಿ ಇಲ್ಲದ್ದರಿಂದ ಕರೆಂಟ್ ಹೋದದ್ದು ಯಂತ್ರಕ್ಕೆ ತಿಳಿಯದು. ಉಪಾಯ: ಹಳೆಯ ರೂಟರ್ ಒಂದನ್ನು ಯುಪಿಎಸ್ ಬಿಟ್ಟು ನೇರ ಗೋಡೆಯ ಪ್ಲಗ್ಗಿಗೆ ಹಾಕಿ ಲ್ಯಾನ್‌ನಲ್ಲಿ ಜೋಡಿಸಿದೆ. ಯಂತ್ರದಿಂದ ಆ ರೂಟರ್‌ಗೆ ನಿಮಿಷಕ್ಕೊಮ್ಮೆ ಪಿಂಗ್ (ಇದ್ದೀಯಾ ಎಂಬ ಕರೆ), 20 ನಿಮಿಷ ಉತ್ತರ ಬಾರದಿದ್ದರೆ ಶಟ್‌ಡೌನ್.

ಇಲ್ಲೊಂದು ಸಿಕ್ಕು. ಯಂತ್ರ ಆಫ್ ಆದ ಮೇಲೆ ಯುಪಿಎಸ್ ಬ್ಯಾಟರಿ ಇನ್ನೂ ಉಳಿದಿರುವಾಗಲೇ ಕರೆಂಟ್ ಬಂದರೆ, ಯಂತ್ರದ ಪಾಲಿಗೆ ಕರೆಂಟ್ ಹೋಗಿಯೇ ಇಲ್ಲ. ಬಯೋಸ್‌ನ ವ್ಯವಸ್ಥೆ ಕೆಲಸ ಮಾಡದೆ ಅದು ಹಾಗೇ ಮಲಗಿರುತ್ತದೆ. ಅದಕ್ಕೆ ಶಟ್‌ಡೌನ್ ಬದಲು ಹೇಳಿದ ಹೊತ್ತಿಗೆ ಯಂತ್ರವನ್ನು ಎಬ್ಬಿಸುವ ಆರ್‌ಟಿಸಿವೇಕ್ ಬಳಸಿ 7200 ಸೆಕೆಂಡಿಗೆ ಅಲಾರಂ ಇಟ್ಟು ಆಫ್ ಮಾಡಿಸಿದ್ದೇವೆ. ಎರಡು ಗಂಟೆ ಕಳೆದ ಮೇಲೆ ಏಳುತ್ತದೆ, ಪಿಂಗ್‌ಗೆ ಉತ್ತರ ಇಲ್ಲದಿದ್ದರೆ ಮತ್ತೆ ಮಲಗುತ್ತದೆ.

ಪ್ಲಗ್ ಕಿತ್ತು ಐದು ಸಲ ಪರೀಕ್ಷಿಸಿದೆವು. ನಾಲ್ಕು ಸಲ ಸರಿ. ಐದನೆಯದರಲ್ಲಿ ಯಂತ್ರ 25 ಸೆಕೆಂಡಿನಲ್ಲಿ ಎದ್ದರೂ ಮೋಡೆಮ್ ಏಳಲು ಮೂರು ನಿಮಿಷ ತೆಗೆದುಕೊಂಡಿತು. ಬಾಡಿಗೆ ಸರ್ವರ್‌ನ ಹೆಸರಿಗೆ ವಿಳಾಸ ಸಿಗದೆ ಸುರಂಗ ತೆರೆಯಲೇ ಇಲ್ಲ. ಕಾನ್ಫಿಗ್‌ನಲ್ಲಿ ಹೆಸರಿನ ಬದಲು ಅಂಕಿಯ ವಿಳಾಸವನ್ನೇ ಬರೆದ ಮೇಲೆ ಆರನೇ ಸಲ ಮೋಡೆಮ್‌ನ ಹಸಿರು ದೀಪ ನಿಂತ ಹತ್ತೇ ಸೆಕೆಂಡಿಗೆ ಮೊಬೈಲಿನಲ್ಲಿ ತಾಜ್ ಬಾವಡಿಯ ಕಮಾನು ತೆರೆಯಿತು.