ಕಮಿನೊ ನಡೆಯುವವರಿಗೆ: ರಾತ್ರಿ ಮಲಗುವ ಖರ್ಚಿನ ಲೆಕ್ಕ

ಸ್ಪೇನಿನ ಕಮಿನೊ ಪಾದಯಾತ್ರೆಗೆ ಹೊರಡುವವರು ಮೊದಲು ಕೇಳುವುದು ಯಾವ ಶೂ ತಗೊಳ್ಳಲಿ ಅಂತ. ಆಮೇಲೆ ಕೇಳುವುದು, ಒಂದು ರಾತ್ರಿಗೆ ಎಷ್ಟಾಗುತ್ತೆ ಅಂತ. ಇದಕ್ಕೆ "ಹತ್ತು ಯೂರೋ ಕೊಟ್ಟರೆ ಮಂಚ ಸಿಗುತ್ತೆ" ಅನ್ನುವ ಉತ್ತರ ಎಲ್ಲ ಕಡೆ ಓಡಾಡುತ್ತಿದೆ. ಸುಳ್ಳೇನಲ್ಲ, ಸಿಗುತ್ತದೆ. ಆದರೆ ಎಲ್ಲ ಊರಲ್ಲೂ ಸಿಗಲ್ಲ, ಎಲ್ಲ ದಿನವೂ ಸಿಗಲ್ಲ. ಆ ಹತ್ತನ್ನೇ ಮೂವತ್ತು ಚಿಲ್ಲರೆ ರಾತ್ರಿಗಳಿಗೆ ಗುಣಿಸಿ ಅಷ್ಟೇ ದುಡ್ಡು ಹಿಡಿದು ಹೊರಟರೆ, ಮುಂದೆ ಪ್ರತಿ ಮಧ್ಯಾಹ್ನವೂ ಮಂಚಕ್ಕಾಗಿ ಓಡುವುದೇ ಯಾತ್ರೆ ಆಗಿಬಿಡುತ್ತದೆ. ಕಮಿನೊಗೆ ಹಲವು ದಾರಿಗಳಿವೆ, ನಾನು ನಡೆದದ್ದು ಕಮಿನೊ ಫ್ರಾನ್ಸೆಸ್. ಫ್ರಾನ್ಸಿನ ಗಡಿ ಹತ್ತಿರದ ಸಾಂ ಜಾನ್ ಪಿಯೆ ದ ಪೋರ್‌ನಿಂದ ಯಾತ್ರೆ ಮುಗಿಯುವ ಸ್ಯಾಂಟಿಯಾಗೊ ದೆ ಕಾಂಪೊಸ್ಟೆಲಾವರೆಗೆ ಸುಮಾರು 780 ಕಿಲೋಮೀಟರ್. ಹಾಗಾಗಿ ಇಲ್ಲಿ ಹೇಳುವುದೆಲ್ಲ ಆ ದಾರಿಯದ್ದು.

ದಾರಿಯುದ್ದಕ್ಕೂ ಇರುವುದು ಅಲ್ಬೆರ್ಗೆಗಳು. ನಮ್ಮ ಛತ್ರ ಅಂದುಕೊಳ್ಳಿ. ಒಂದು ದೊಡ್ಡ ಕೋಣೆ, ಎರಡಂತಸ್ತಿನ ಮಂಚಗಳು, ಎಲ್ಲರಿಗೂ ಸೇರಿ ಬಚ್ಚಲು, ರಾತ್ರಿ ಹತ್ತಕ್ಕೆ ದೀಪ ಆರುತ್ತದೆ, ಬೆಳಗ್ಗೆ ಎಂಟರೊಳಗೆ ಖಾಲಿ ಮಾಡಬೇಕು. ಇವುಗಳಲ್ಲಿ ಸಾರ್ವಜನಿಕವಾದವು, ಚರ್ಚಿನವು ಯಾತ್ರಿಕರಿಗೆ ಮಾತ್ರ. ಅಲ್ಲಿ ಕ್ರೆಡೆನ್ಸಿಯಾಲ್ ತೋರಿಸಬೇಕು. ಅದು ಯಾತ್ರೆಯ ಪಾಸ್‌ಬುಕ್ ಇದ್ದ ಹಾಗೆ, ಪ್ರತಿ ಊರಲ್ಲೂ ಒಂದು ಸೀಲು ಬೀಳುತ್ತದೆ. ಹುಷಾರಿಲ್ಲದಿದ್ದರೆ ಬೇರೆ ಮಾತು, ಇಲ್ಲದಿದ್ದರೆ ಇಂಥ ಕಡೆ ಒಂದೇ ರಾತ್ರಿ. ಅದಕ್ಕೇ "ಕಾಲು ನೋಯ್ತಿದೆ, ಇನ್ನೊಂದು ದಿನ ಇಲ್ಲೇ ಅಗ್ಗದಲ್ಲಿ ಇದ್ದುಬಿಡ್ತೀನಿ" ಅನ್ನುವ ಲೆಕ್ಕ ನಡೆಯುವುದಿಲ್ಲ. ವಿಶ್ರಾಂತಿಯ ದಿನ ಅಂದರೆ ಬಹುಪಾಲು ದುಬಾರಿ ದಿನ, ಇದನ್ನು ಮೊದಲೇ ಬರೆದಿಟ್ಟುಕೊಳ್ಳಿ.

ದರದ ವಿಷಯಕ್ಕೆ ಬರೋಣ. ಊರಿನ ಆಡಳಿತ ನಡೆಸುವ ಮುನಿಸಿಪಲ್ ಅಲ್ಬೆರ್ಗೆಗಳಲ್ಲಿ ಈಗ ಹತ್ತು ಯೂರೋ ಆಸುಪಾಸು. ದಾರಿಯ ಕೊನೆಯ ಭಾಗ ಇರುವ ಗಲಿಸಿಯಾ ಪ್ರಾಂತ್ಯದಲ್ಲಿ ಅಲ್ಲಿನ ಸರ್ಕಾರದ್ದೇ ಅಲ್ಬೆರ್ಗೆಗಳಿವೆ, ಜನ ಅವುಗಳನ್ನು ಷುಂತಾ ಅಲ್ಬೆರ್ಗೆ ಅನ್ನುತ್ತಾರೆ, ಅಲ್ಲೂ ಸುಮಾರು ಅಷ್ಟೇ. ಖಾಸಗಿಯವರದ್ದು 15ರಿಂದ 20 ಯೂರೋ. ಒಬ್ಬರಿಗೇ ಒಂದು ರೂಮು ಬೇಕು, ಬಾಗಿಲು ಹಾಕಿಕೊಂಡು ಮಲಗಬೇಕು ಅಂದರೆ ಪೆನ್ಸಿಯೋನ್ ಅಥವಾ ಓಸ್ತಾಲ್ ಅನ್ನುವ ಸಣ್ಣ ಲಾಡ್ಜಿಗೆ ಹೋಗಬೇಕು, 35ರಿಂದ 50, ದೊಡ್ಡ ಊರಲ್ಲಿ ಅದಕ್ಕೂ ಜಾಸ್ತಿ. ಒಂದು ಯೂರೋಗೆ ನೂರು ರೂಪಾಯಿ ಅಂತ ಇಟ್ಟುಕೊಂಡರೆ ಲೆಕ್ಕ ಸುಲಭ.

ಇನ್ನೊಂದು ಬಗೆ ಇದೆ, ಡೊನಾಟಿವೊ. ನಾನು ಈ ಬರಹ ಶುರು ಮಾಡಿದ್ದೇ ಇದರ ಬಗ್ಗೆ ಹೇಳಬೇಕು ಅಂತ. ಇಲ್ಲಿ ದರದ ಬೋರ್ಡು ಇರುವುದಿಲ್ಲ, ಒಂದು ಹುಂಡಿ ಇರುತ್ತದೆ. ಹೆಚ್ಚಿನವು ಚರ್ಚಿನವು. ಕೆಲವು ಕಡೆ ರಾತ್ರಿ ಊಟ, ಬೆಳಗಿನ ತಿಂಡಿಯೂ ಸಿಗುತ್ತದೆ. ನಡೆಸುವವರು ಓಸ್ಪಿತಾಲೆರೊಗಳು, ಅವರಲ್ಲಿ ಬಹಳ ಜನ ತಾವೂ ಒಮ್ಮೆ ಈ ದಾರಿ ನಡೆದವರು, ಸಂಬಳ ಇಲ್ಲದೆ ಎರಡು ವಾರ ಬಂದು ನೆಲ ಒರೆಸಿ, ಅಡುಗೆ ಮಾಡಿ, ಯಾತ್ರಿಕರ ಕಾಲಿನ ಬೊಬ್ಬೆಗೆ ಪಟ್ಟಿ ಕಟ್ಟಿ ಹೋಗುತ್ತಾರೆ.

ಗ್ರಾನ್ಯೋನ್ ಅನ್ನುವ ಸಣ್ಣ ಊರಿನಲ್ಲಿ ಇಂಥದ್ದೊಂದಿದೆ. ಚರ್ಚಿಗೆ ಅಂಟಿಕೊಂಡೇ ಇರುವ ಜಾಗ, ಮೇಲೆ ಗಂಟೆ ಗೋಪುರ. ಕಿರಿದಾದ ಕಲ್ಲಿನ ಮೆಟ್ಟಿಲು ಹತ್ತಿ ಹೋಗಬೇಕು. ಮಂಚ ಇಲ್ಲ, ನೆಲದ ಮೇಲೆ ತೆಳ್ಳನೆಯ ಹಾಸಿಗೆಗಳು, ಪಕ್ಕದವರ ಮೊಣಕೈ ತಾಗುವಷ್ಟು ಹತ್ತಿರ. ಸಂಜೆ ಎಲ್ಲರೂ ಸೇರಿ ತರಕಾರಿ ಹೆಚ್ಚಬೇಕು, ಒಂದೇ ಸಾಲಿನಲ್ಲಿ ಕೂತು ಉಣ್ಣಬೇಕು, ಆಮೇಲೆ ಪಾತ್ರೆ ತೊಳೆಯಬೇಕು. ಅಲ್ಲಿನ ಹುಂಡಿಗೆ ಬೀಗ ಇಲ್ಲ. ಆದಷ್ಟು ಹಾಕು, ಬೇಕಾದಷ್ಟು ತಗೋ ಅಂತ ಅದರ ಮೇಲೆ ಬರೆದಿದ್ದಾರೆ. ಕೈಯಲ್ಲಿ ದುಡ್ಡಿಲ್ಲದವನು ಅದರಿಂದಲೇ ತೆಗೆದುಕೊಂಡು ನಾಳೆಯ ದಾರಿ ನಡೆಯಬಹುದು. ಅದನ್ನು ನೋಡಿದಾಗ ನನಗೆ ಗಂಟಲು ಕಟ್ಟಿತು.

ಈಗ ಯೋಚನೆ ಮಾಡಿ. ಬಜೆಟ್ ಹಾಕುವಾಗ ಡೊನಾಟಿವೊ ಎದುರು "0" ಅಂತ ಬರೆದುಕೊಂಡು ಬರುವವರು ಇದ್ದಾರೆ. ಐದು ಡೊನಾಟಿವೊ ಸಿಕ್ಕರೆ ಐವತ್ತು ಯೂರೋ ಉಳಿತಾಯ ಅಂತ ಹೇಳಿಕೊಡುವವರೂ ಇದ್ದಾರೆ. ಇದು ಸರಿಯಲ್ಲ. ನೀವು ಈ ರಾತ್ರಿ ಉಂಡ ಊಟ ನಿನ್ನೆ ಬಂದವರು ಹಾಕಿದ ದುಡ್ಡಿನದ್ದು. ನೀವು ಹಾಕಿದ್ದರಿಂದ ನಾಳೆ ಬರುವವರ ಒಲೆ ಹೊತ್ತಬೇಕು. ಕರೆಂಟು, ಗ್ಯಾಸು, ಬಿಸಿನೀರು, ರಿಪೇರಿ ಯಾವುದೂ ಪುಕ್ಕಟೆ ಅಲ್ಲ. ಹುಂಡಿಗೆ ಬೀಳುವುದು ಕಡಿಮೆಯಾದರೆ ಅದು ಹೆಚ್ಚು ದಿನ ನಡೆಯಲ್ಲ. ಹಾಗೆ ಮುಚ್ಚಿದರೆ ನಷ್ಟ ಆಗುವುದು ನಮ್ಮಂಥ ದೂರದಿಂದ ವಿಮಾನದಲ್ಲಿ ಬಂದವರಿಗಲ್ಲ, ನಿಜವಾಗಿ ಕೈಯಲ್ಲಿ ಕಾಸಿಲ್ಲದೆ ನಡೆಯುವವರಿಗೆ. ಅದಕ್ಕೇ ನಾನು ಹೇಳುವುದು, ಬಜೆಟ್‌ನಲ್ಲಿ ಡೊನಾಟಿವೊ ರಾತ್ರಿಗೆ ಮುನಿಸಿಪಲ್ ಮಂಚದ ದರ ಇಡಿ, ಊಟ ತಿಂಡಿ ಕೊಟ್ಟರೆ ಅದರ ಬೆಲೆಯನ್ನೂ ಸೇರಿಸಿ. ಯಾತ್ರಿಕರ ಊಟ ಅಂತ ಹೋಟೆಲಿನಲ್ಲಿ ತಿಂದರೆ ಹೇಗೂ 12ರಿಂದ 15 ಯೂರೋ ಆಗುತ್ತದಲ್ವಾ? ಒಟ್ಟು 25 ಅಂತ ಬರೆದುಕೊಂಡರೆ ನ್ಯಾಯ. ಮೊದಲೇ ಬರೆದಿಟ್ಟರೆ ಹುಂಡಿಯ ಮುಂದೆ ನಿಂತಾಗ ಕೈ ಹಿಂಜರಿಯಲ್ಲ. ನಿಜಕ್ಕೂ ತೊಂದರೆ ಇರುವವರು ಕಡಿಮೆ ಹಾಕಿದರೆ ಯಾರೂ ಏನೂ ಅನ್ನುವುದಿಲ್ಲ, ಅದಕ್ಕೇ ಅಲ್ಲವಾ ಆ ಹುಂಡಿ ಇರುವುದು.

ಇನ್ನು ಲೆಕ್ಕಕ್ಕೆ ಸಿಗದೆ ನುಣುಚಿಕೊಳ್ಳುವ ಖರ್ಚುಗಳು. ಬಟ್ಟೆ ಒಗೆಯುವ ಮಷೀನಿಗೆ ಮೂರ್ನಾಲ್ಕು ಯೂರೋ, ಒಣಗಿಸುವುದಕ್ಕೆ ಬೇರೆ ಅಷ್ಟೇ. ಬಿಸಿಲಿರುವ ದಿನ ಕೈಯಲ್ಲೇ ಒಗೆದು ತಂತಿ ಮೇಲೆ ಹಾಕಿದರೆ ಸಾಕು. ಆದರೆ ಗಲಿಸಿಯಾದಲ್ಲಿ ಮಳೆ ಹಿಡಿದರೆ ಏನೂ ಒಣಗುವುದಿಲ್ಲ. ಆಗ ಇಬ್ಬರು ಮೂವರು ಸೇರಿ ಒಂದು ಮಷೀನು ಹಾಕುವುದು ವಾಡಿಕೆ, ಕೇಳಲು ಸಂಕೋಚ ಬೇಡ. ಕೆಲವು ಕಡೆ ಕಾಗದದಂಥ ಹೊದಿಕೆಗೆ, ಟವಲಿಗೆ ಒಂದೆರಡು ಯೂರೋ ಬೇರೆ ತೆಗೆದುಕೊಳ್ಳುತ್ತಾರೆ. ತಿಗಣೆ ಹತ್ತಿದರಂತೂ ಬ್ಯಾಗಿನಲ್ಲಿರುವ ಬಟ್ಟೆಯನ್ನೆಲ್ಲ ಬಿಸಿ ಮಷೀನಿಗೆ ಹಾಕಬೇಕು. ಮಲಗುವ ಮೊದಲು ಹಾಸಿಗೆಯ ಹೊಲಿಗೆ ಅಂಚು ಎತ್ತಿ ಟಾರ್ಚ್ ಹಿಡಿದು ನೋಡಿ, ಕಪ್ಪು ಚುಕ್ಕೆಗಳಿದ್ದರೆ ಬ್ಯಾಗನ್ನು ಮಂಚದ ಮೇಲೆ ಇಡಲೇಬೇಡಿ.

ಬ್ಯಾಗ್ ಮುಂದಿನ ಊರಿಗೆ ಸಾಗಿಸುವ ವ್ಯವಸ್ಥೆಯೂ ಇದೆ. ಒಂದು ದಿನದ ದಾರಿಗೆ ಐದಾರು ಯೂರೋ. ನೋಡಿದರೆ ಸಣ್ಣ ಮೊತ್ತ. ಆದರೆ ಷುಂತಾ ಅಲ್ಬೆರ್ಗೆಗಳಲ್ಲಿ, ಇನ್ನೂ ಹಲವು ಸಾರ್ವಜನಿಕ ಮತ್ತು ಚರ್ಚಿನ ಕಡೆ ಹಾಗೆ ಬಂದ ಬ್ಯಾಗು ಇಳಿಸಿಕೊಳ್ಳುವುದಿಲ್ಲ. ಹಾಗಾಗಿ ಬ್ಯಾಗು ಕಳಿಸಿದ ದಿನ ಖಾಸಗಿ ಅಲ್ಬೆರ್ಗೆಯೇ ಗತಿ, ಅದೂ ಮೊದಲೇ ಬುಕ್ ಮಾಡಿ. ಬರೀ ಬ್ಯಾಗಿನ ಖರ್ಚಲ್ಲ, ಮಂಚದ ಖರ್ಚೂ ಏರುತ್ತದೆ. ಬೆನ್ನು ನೋವು, ಮಂಡಿ ನೋವು ಇರುವವರು ಇದನ್ನು ಕಡ್ಡಾಯ ಅಂತಲೇ ಲೆಕ್ಕಕ್ಕೆ ಹಿಡಿಯಿರಿ. ದುಡ್ಡು ಉಳಿಸಲು ಹೋಗಿ ಮಂಡಿ ಕಳೆದುಕೊಳ್ಳಬೇಡಿ.

ಅಡುಗೆ ಮಾಡಿಕೊಂಡು ಉಳಿಸೋಣ ಅನ್ನುವವರಿಗೆ ಇನ್ನೊಂದು ಮಾತು. ಅಡುಗೆಮನೆ ಇದೆ ಅಂದ ಮಾತ್ರಕ್ಕೆ ಪಾತ್ರೆ ಇದೆ ಅಂತಲ್ಲ. ಗಲಿಸಿಯಾದ ಸರ್ಕಾರಿ ಅಲ್ಬೆರ್ಗೆಗಳು ಇದಕ್ಕೆ ಹೆಸರುವಾಸಿ. ಥಳಥಳ ಹೊಳೆಯುವ ಒಲೆ, ಸಿಂಕು, ಕಪಾಟು ಎಲ್ಲ ಇರುತ್ತದೆ, ಕಪಾಟು ತೆರೆದರೆ ಒಂದು ಚಮಚವೂ ಇರುವುದಿಲ್ಲ. ನಮ್ಮಲ್ಲಿ ಸಸ್ಯಾಹಾರಿಗಳು ಜಾಸ್ತಿ, ಅನ್ನ ಬೇಯಿಸಿಕೊಂಡರೆ ಆಯ್ತು ಅಂದುಕೊಂಡು ಹೋಗಿರುತ್ತಾರೆ. ಒಂದು ಹಗುರವಾದ ಪಾತ್ರೆ ಜೊತೆಗಿದ್ದರೆ ಒಳ್ಳೆಯದು.

ಹಾಗಾದರೆ ಒಟ್ಟು ಎಷ್ಟು? ನಾನು ಗೆಳೆಯರಿಗೆ ಹಾಕಿಕೊಡುವ ಲೆಕ್ಕ ಹೀಗಿದೆ. 34 ರಾತ್ರಿ ಅಂತ ಇಟ್ಟುಕೊಳ್ಳಿ. ಅದರಲ್ಲಿ 11 ರಾತ್ರಿ ಸಾರ್ವಜನಿಕ ಅಲ್ಬೆರ್ಗೆ, ತಲಾ 11 ಯೂರೋ, 121 ಆಯಿತು. ಐದು ರಾತ್ರಿ ಡೊನಾಟಿವೊ, 25ರಂತೆ 125. ಖಾಸಗಿ 12 ರಾತ್ರಿ, 18ರಂತೆ 216. ನಾಲ್ಕು ರಾತ್ರಿ ಸ್ವಂತ ರೂಮು, 45ರಂತೆ 180. ಕೊನೆಗೆ ಸ್ಯಾಂಟಿಯಾಗೊದಲ್ಲಿ ಎರಡು ರಾತ್ರಿ, 35ರಂತೆ 70. ಕೂಡಿದರೆ 712. ಬಟ್ಟೆ, ಹೊದಿಕೆ ಇತ್ಯಾದಿಗೆ 60, ಆಪತ್ತಿಗೆ ಅಂತ 120 ಎತ್ತಿಟ್ಟರೆ 892 ಯೂರೋ. ಅಂದರೆ ಹೆಚ್ಚುಕಡಿಮೆ 89,000 ರೂಪಾಯಿ. ಹತ್ತರಿಂದ ಗುಣಿಸಿದ್ದರೆ 340 ಬರುತ್ತಿತ್ತು. ವ್ಯತ್ಯಾಸ ನೋಡಿ!

ಆ ನಾಲ್ಕು ಸ್ವಂತ ರೂಮುಗಳನ್ನು ಐಷಾರಾಮ ಅಂತ ಹೊಡೆದುಹಾಕಬೇಡಿ, ದಯವಿಟ್ಟು. ವಾರಕ್ಕೆ ಒಂದು ರಾತ್ರಿ ಗೊರಕೆ ಇಲ್ಲದೆ, ಬೆಳಗಿನ ಜಾವ ಐದಕ್ಕೆ ಪ್ಲಾಸ್ಟಿಕ್ ಚೀಲದ ಸರಸರ ಸದ್ದಿಲ್ಲದೆ ನಿದ್ದೆ ಮಾಡಿದರೆ ಮುಂದಿನ ಆರು ದಿನ ಕಾಲು ಮಾತು ಕೇಳುತ್ತದೆ. ಜ್ವರ ಬಂದಾಗ, ಹೊಟ್ಟೆ ಕೆಟ್ಟಾಗ ನಲವತ್ತು ಜನರ ಕೋಣೆಯಲ್ಲಿ ಮಲಗುವುದು ನಿಮಗೂ ಕಷ್ಟ, ಉಳಿದವರಿಗೂ ಕಷ್ಟ. ಇಬ್ಬರು ಜೊತೆಯಾಗಿ ನಡೆಯುತ್ತಿದ್ದರೆ ಸುಮ್ನೆ ಒಮ್ಮೆ ಕೂಡಿಸಿ ನೋಡಿ, ಎರಡು ಖಾಸಗಿ ಮಂಚದ ದುಡ್ಡಿಗೆ ಸ್ವಲ್ಪ ಸೇರಿಸಿದರೆ ಎಷ್ಟೋ ಊರಲ್ಲಿ ಇಬ್ಬರ ರೂಮೇ ಬರುತ್ತದೆ.

ಕಡಿಮೆ ಮಾಡುವ ದಾರಿಯೂ ಇದೆ. ಹೆಚ್ಚಿನವರು ಗೈಡ್ ಪುಸ್ತಕದಲ್ಲಿ ಹಾಕಿದ ಊರುಗಳಲ್ಲೇ ನಿಲ್ಲುತ್ತಾರೆ. ಅದೇ ಊರು ತುಂಬುತ್ತದೆ, ಅಲ್ಲೇ ದರ ಏರುತ್ತದೆ. ಅದಕ್ಕಿಂತ ನಾಲ್ಕೈದು ಕಿಲೋಮೀಟರ್ ಹಿಂದೆ ಅಥವಾ ಮುಂದೆ ಇರುವ ಹಳ್ಳಿಯಲ್ಲಿ ನಿಂತರೆ ಮಂಚವೂ ಸಿಗುತ್ತದೆ, ನೆಮ್ಮದಿಯೂ ಇರುತ್ತದೆ. ಉದಾಹರಣೆಗೆ ಕೊನೆಯಲ್ಲಿ ಎಲ್ಲರೂ ಆರ್ಸುವಾ ಊರಿಗೆ ಹೋಗಿ ತುಂಬಿಕೊಳ್ಳುತ್ತಾರೆ. ಅದಕ್ಕೆ ಮೂರು ಕಿಲೋಮೀಟರ್ ಮೊದಲೇ ರಿಬಾದಿಸೊ ಇದೆ. ಹಳೆಯ ಸೇತುವೆ ದಾಟಿದ ತಕ್ಷಣ ನದಿ ದಂಡೆಯಲ್ಲೇ ಸರ್ಕಾರಿ ಅಲ್ಬೆರ್ಗೆ, ಹಿಂದಿನ ಕಾಲದ ಯಾತ್ರಿಕರ ಆಸ್ಪತ್ರೆಯ ಕಟ್ಟಡ. ಸುಸ್ತಾದ ಕಾಲನ್ನು ತಣ್ಣನೆಯ ನೀರಲ್ಲಿ ಇಳಿಬಿಟ್ಟು ಕೂರಬಹುದು. ಸಾರ್ವಜನಿಕ ಅಲ್ಬೆರ್ಗೆಗಳಲ್ಲಿ ಸಾಮಾನ್ಯವಾಗಿ ಬುಕ್ಕಿಂಗ್ ಇಲ್ಲ, ಮೊದಲು ಬಂದವರಿಗೆ ಮೊದಲು. ಗಲಿಸಿಯಾದಲ್ಲಿ ಬಾಗಿಲು ತೆರೆಯುವುದು ಮಧ್ಯಾಹ್ನ ಒಂದಕ್ಕೆ. ಅದಕ್ಕೆ ಓಡಬೇಕಿಲ್ಲ, ಸಿಗದಿದ್ದರೆ ಖಾಸಗಿಗೆ ಕೊಡಲು ನಿಮ್ಮ ಲೆಕ್ಕದಲ್ಲಿ ದುಡ್ಡಿದೆ.

ನಗದು ಇಟ್ಟುಕೊಳ್ಳಿ. ಡೊನಾಟಿವೊ ಹುಂಡಿ, ಸಣ್ಣ ಹಳ್ಳಿಯ ಮುನಿಸಿಪಲ್ ಅಲ್ಬೆರ್ಗೆ ಇಲ್ಲೆಲ್ಲ ಕಾರ್ಡ್ ನಡೆಯುತ್ತದೆ ಅಂತ ನಂಬಿ ಕೂರಬೇಡಿ. ಎಲ್ಲ ಹಳ್ಳಿಯಲ್ಲೂ ಎಟಿಎಂ ಇರುವುದಿಲ್ಲ, ಇದ್ದ ಕಡೆಯೂ ಪ್ರತಿ ಸಲ ಶುಲ್ಕ ಹಿಡಿಯಬಹುದು. ದೊಡ್ಡ ಊರು ಬಂದಾಗ ವಾರಕ್ಕಾಗುವಷ್ಟು ಒಟ್ಟಿಗೆ ತೆಗೆಯಿರಿ, ಐದು ಹತ್ತರ ನೋಟುಗಳಿರಲಿ.

ನಮ್ಮವರಿಗೆ ಮಾತ್ರ ಬರುವ ಒಂದು ತಲೆನೋವು ವೀಸಾ. ಸ್ಪೇನ್ ಸೇರಿ ಯುರೋಪಿನ ಹಲವು ದೇಶಗಳಿಗೆ ಒಂದೇ ಆಗಿರುವ ಷೆಂಗೆನ್ ವೀಸಾಕ್ಕೆ ಎಲ್ಲಿ ಉಳಿಯುತ್ತೀರಿ ಅಂತ ದಾಖಲೆ ಕೊಡಬೇಕು. ದಿನಕ್ಕೆ ಎಷ್ಟು ನಡೆಯುತ್ತೀವಿ ಅಂತಲೇ ಗೊತ್ತಿಲ್ಲದವರು ತಿಂಗಳ ಮೇಲಿನ ರಾತ್ರಿಗಳಿಗೆ ಹೇಗೆ ಕೊಡುವುದು? ದುಡ್ಡು ಕಳೆಯದೆ ರದ್ದು ಮಾಡಬಹುದಾದ ಖಾಸಗಿ ಜಾಗಗಳನ್ನು ನಡೆಯುವ ಕ್ರಮದಲ್ಲೇ ಬುಕ್ ಮಾಡಿ, ಜೊತೆಗೆ ಯಾವ ದಿನ ಯಾವ ಊರು ಅನ್ನುವ ಪಟ್ಟಿ ಇಡಿ. ದಾರಿಯಲ್ಲಿ ಕ್ರಮ ಬದಲಾದರೆ ಉಳಿದ ಬುಕ್ಕಿಂಗ್‌ಗಳನ್ನು ಸಮಯಕ್ಕೆ ಸರಿಯಾಗಿ ರದ್ದು ಮಾಡಿ, ಆ ಮಂಚ ಇನ್ನೊಬ್ಬರಿಗೆ ಬೇಕಿರುತ್ತದೆ. ಕನಿಷ್ಠ 30,000 ಯೂರೋಗಳ ಪ್ರಯಾಣ ವಿಮೆಯೂ ಕಡ್ಡಾಯ. 2024ರಿಂದ ವೀಸಾ ಶುಲ್ಕವೇ 90 ಯೂರೋ.

ಯಾವಾಗ ಹೋಗುತ್ತೀರಿ ಅನ್ನುವುದರ ಮೇಲೂ ಲೆಕ್ಕ ತಿರುಗುತ್ತದೆ. ಜುಲೈ 6ರಿಂದ 14ರವರೆಗೆ ದಾರಿಯಲ್ಲಿ ಸಿಗುವ ಪಾಂಪ್ಲೋನಾ ನಗರದಲ್ಲಿ ಸಾನ್ ಫೆರ್ಮಿನ್ ಹಬ್ಬ, ಆಗ ಅಲ್ಲಿ ಮಂಚದ ಬೆಲೆ ಮುಗಿಲು ಮುಟ್ಟಿರುತ್ತದೆ, ಆ ಊರಲ್ಲಿ ನಿಲ್ಲದೆ ಮುಂದಕ್ಕೆ ಹೋಗಿಬಿಡಿ. ಆಗಸ್ಟ್‌ನಲ್ಲಿ ಗಲಿಸಿಯಾದ ಸಾರಿಯಾ ಊರಿನಿಂದ ಮುಂದಕ್ಕೆ ಜನವೋ ಜನ. ಯಾಕೆಂದರೆ ಯಾತ್ರೆ ಮುಗಿಸಿದ ಪ್ರಮಾಣಪತ್ರಕ್ಕೆ ಕೊನೆಯ ನೂರು ಕಿಲೋಮೀಟರ್ ನಡೆದರೆ ಸಾಕು, ಅಷ್ಟು ದೂರಕ್ಕೆ ಸಾರಿಯಾ ಸರಿಹೊಂದುತ್ತದೆ. 2024ರಲ್ಲಿ ಆ ಪತ್ರ ಪಡೆದವರೇ ಐದು ಲಕ್ಷದ ಹತ್ತಿರ. ಜುಲೈ 25, ಈ ಯಾತ್ರೆ ಯಾರ ಹೆಸರಿನದ್ದೋ ಆ ಸಂತ ಜೇಮ್ಸ್‌ನ ದಿನ, ಭಾನುವಾರ ಬಿದ್ದ ವರ್ಷ ಪವಿತ್ರ ವರ್ಷ, ಆಗ ಜನ ಇನ್ನೂ ಜಾಸ್ತಿ. ಮುಂದಿನದ್ದು 2027. ಆ ವರ್ಷ ಹೋಗುವವರು ಬೇರೆ ಎಲ್ಲಾದರೂ ಬುಕ್ ಮಾಡದೆ ಬಿಡಿ, ಸಾರಿಯಾದಿಂದ ಸ್ಯಾಂಟಿಯಾಗೊವರೆಗಿನ ರಾತ್ರಿಗಳನ್ನು ಮಾತ್ರ ತಿಂಗಳುಗಳ ಮೊದಲೇ ಹಿಡಿದಿಟ್ಟುಕೊಳ್ಳಿ, ಆ ಆರೇಳು ರಾತ್ರಿಗೆ ನಾನು ಮೇಲೆ ಹೇಳಿದ ದರಕ್ಕಿಂತ ಜಾಸ್ತಿಯೇ ಬರೆದುಕೊಳ್ಳಿ.